ನಂದಿಯ ಇಬ್ಬರು ಈಶ್ವರರು

ಬೇಸಿಗೆಯೆಂದರೆ ಚಿಂತಾಮಣಿಯ ಮಾವು, ಮದುವೆಮನೆಯ ಹೋಳಿಗೆ, ಮಧ್ಯಾಹ್ನದ ನಿದ್ದೆ. ಜೂನ್ ಬಂದೊಡನೆ ಅನೇಕರಿಗೆ ಅದೆಲ್ಲ ಪಾಪದಂತೆ ಕಾಣತೊಡಗುತ್ತದೆ. ಅನ್ನ ಬಿಡುತ್ತಾರೆ, ಮೊದಲ ದಿನವೇ ಮೈ ನೋಯುವಷ್ಟು ಓಡುತ್ತಾರೆ. ತಿಂದದ್ದಕ್ಕೆ ದೇಹವನ್ನು ದಂಡಿಸಬೇಕೆ?

ಚಿಕ್ಕಬಳ್ಳಾಪುರದ ಪಕ್ಕದ ನಂದಿಯಲ್ಲಿ ಬೇರೆಯೇ ಉತ್ತರವಿದೆ. ಬೆಟ್ಟದ ಬುಡದಲ್ಲಿ, 9ನೇ ಶತಮಾನದಷ್ಟು ಹಳೆಯ ಗುಡಿಯಲ್ಲಿ, ಭೋಗನಂದೀಶ್ವರ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಯೋಗನಂದೀಶ್ವರ. ಕೆಳಗಿನವನು ಯೌವನದ ಶಿವ, ಮೇಲಿನವನು ವೈರಾಗ್ಯದ ಶಿವ ಎಂಬುದು ಇಲ್ಲಿನ ನಂಬಿಕೆ. ಮೇಲಕ್ಕೆ ಹತ್ತುವವರು ಕೆಳಗಿನ ದೇವರನ್ನು ಹಳಿಯುವುದಿಲ್ಲ, ಕೈಮುಗಿದೇ ಹೊರಡುತ್ತಾರೆ.

ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲವೆಂದು ಗೀತೆಯ 6ನೇ ಅಧ್ಯಾಯ ಹೇಳುತ್ತದೆ. ಬುದ್ಧನೂ ಕಠೋರ ಉಪವಾಸವನ್ನು ಕೈಬಿಟ್ಟ.

ಶಿಡ್ಲಘಟ್ಟದ ಸಾಕಣೆ ಮನೆಗಳಲ್ಲಿ ರೇಷ್ಮೆಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ. ಪೊರೆ ಕಳಚಿ ಎದ್ದ ಮೇಲೆ ರೈತರು ಮತ್ತೆ ಎಳೆಯ ಸೊಪ್ಪಿನಿಂದಲೇ ಆರಂಭಿಸುತ್ತಾರೆ. ಮನುಷ್ಯನ ಮೈಗೂ ಅಂಥದೇ ಸಹನೆ ಸಲ್ಲಬೇಕು.

ಗೌರಿಬಿದನೂರಿನ ಮನೆಗಳಲ್ಲಿ ಇದಕ್ಕೆ ಬೇಕಾದದ್ದು ಆಗಲೇ ಇದೆ: ನಾರೂ ಸುಣ್ಣದ ಅಂಶವೂ ಇರುವ ರಾಗಿಯ ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ. ಮೊದಲ ವಾರ ಮುದ್ದೆಯ ಗಾತ್ರ ತುಸು ಇಳಿಸಿ, ಬೆಳಗ್ಗೆ ಅರ್ಧ ಗಂಟೆ ನಡೆದರೆ ಸಾಕು.