ನಲ್ಲಿಗೆ ಯಾವ ಭಾಷೆ?

ಡೊಂಬಿವಲಿಯಲ್ಲಿ ಮನೆ ಮಾಡಿ ಮೂವತ್ತು ವರ್ಷ ದಾಟಿತು. ಇವತ್ತಿಗೂ ಲೋಕಲ್ ಟ್ರೇನಿನಲ್ಲಿ ಪಕ್ಕದಲ್ಲಿ ಕೂತವರು ‘ಗಾವ್ ಕುಠ್ಲಂ?’ ಎಂದು ಕೇಳಿದರೆ ಬಾಯಿಗೆ ಮೊದಲು ಬರುವುದು ಕುಂದಾಪುರವೇ. ರೇಷನ್ ಕಾರ್ಡು ಇಲ್ಲಿಯದು, ಓಟು ಇಲ್ಲಿಯದು, ಮಕ್ಕಳು ಹುಟ್ಟಿದ್ದು, ಓದಿದ್ದು ಇಲ್ಲಿ. ಊರು ಮಾತ್ರ ಅಲ್ಲಿಯದು. ಆ ಊರಿಗೆ ಹೋದರೆ ಅವರು ‘ಬೊಂಬಾಯಿಯವರು ಬಂದ್ರು’ ಅನ್ನುತ್ತಾರೆ. ಹೀಗೆ ಎರಡೂ ಕಡೆ ನೆಂಟನಾಗಿ ಇರುವುದಕ್ಕೆ ಒಂದು ಸುಖವಿದೆ. ನೆಂಟನಿಗೆ ಜವಾಬ್ದಾರಿ ಕಡಿಮೆ. ಮನೆಯಲ್ಲಿ ಜಗಳವಾದರೆ ಆತ ಜಗಲಿಗೆ ಹೋಗಿ ಪೇಪರು ಓದುತ್ತ ಕೂರಬಹುದು.

ನಾನು ಬಹಳ ವರ್ಷ ಹಾಗೆಯೇ ಪೇಪರು ಓದುತ್ತ ಕೂತಿದ್ದೆ. ಅದು ಸರಿಯೇ ಎಂಬ ಪ್ರಶ್ನೆ ಎದ್ದದ್ದು ಒಂದು ನಲ್ಲಿಯಿಂದ.

1994ರಲ್ಲಿ ನಾವು ಈ ಕಟ್ಟಡಕ್ಕೆ ಬಂದಾಗ ಹಿಂದಿನ ಕಿಟಕಿ ತೆರೆದರೆ ಭತ್ತದ ಗದ್ದೆ ಕಾಣುತ್ತಿತ್ತು. ಮಳೆಗಾಲದ ರಾತ್ರಿ ಕಪ್ಪೆಗಳ ಸದ್ದಿಗೆ ನನ್ನಾಕೆ ‘ಥೇಟ್ ನಮ್ಮೂರು ಕಂಡ್ರಿ’ ಎಂದು ಸಮಾಧಾನಪಟ್ಟುಕೊಂಡಿದ್ದಳು. ಆಮೇಲೆ ಠಾಣೆ ಜಿಲ್ಲೆ ಬೆಳೆದದ್ದು ಕಣ್ಣೆದುರಿಗೇ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಒಂದು ಕೋಟಿ ಹತ್ತು ಲಕ್ಷ ಮುಟ್ಟಿ, ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆ ಇದು ಎಂದಾಯಿತು. 2014ರ ಆಗಸ್ಟ್ 1ರಂದು ಪಾಲ್ಘರ್ ಅನ್ನು ಬೇರೆ ಜಿಲ್ಲೆ ಮಾಡಿದರು. ಜಿಲ್ಲೆ ಒಡೆದರೂ ಎಂಟು ಗಂಟೆಯ ಫಾಸ್ಟ್ ಟ್ರೇನಿನ ನೂಕುನುಗ್ಗಲು ಕಡಿಮೆಯಾಗಲಿಲ್ಲ. 2025ರ ಜೂನ್ 9ರಂದು ಮುಂಬ್ರಾದ ಹತ್ತಿರ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದು ಸತ್ತರು. ನಾನೂ ಇಪ್ಪತ್ತೇಳು ವರ್ಷ ಅದೇ ದಾರಿಯಲ್ಲಿ ಫೋರ್ಟಿನ ಬ್ಯಾಂಕಿಗೆ ಹೋಗಿ ಬಂದವನು. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ಭತ್ತದ ಗದ್ದೆ ಹೋಗಿ ಕಲ್ಯಾಣ–ಶಿಳ್ ರಸ್ತೆಯುದ್ದಕ್ಕೂ ಗೋಪುರಗಳು ಎದ್ದವು. ಹೋರ್ಡಿಂಗಿನಲ್ಲಿ ಈಜುಕೊಳ, ಕ್ಲಬ್ ಹೌಸು, ನಗುವ ಗಂಡಹೆಂಡತಿ. ಹೋರ್ಡಿಂಗಿನ ಕೆಳಗೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿರುವವರು ಕಟ್ಟುವವರು. ಒಂದು ಕಟ್ಟಡ ಮುಗಿದರೆ ತಗಡು ಕಳಚಿ ಲಾರಿಗೆ ಹಾಕಿಕೊಂಡು ಮುಂದಿನ ಕಟ್ಟಡಕ್ಕೆ ಹೋಗುತ್ತಾರೆ. ನಮ್ಮ ಲೆಕ್ಕದಲ್ಲಿ ಅವರು ಜಿಲ್ಲೆಯ ಜನರೇ ಅಲ್ಲ, ಜಿಲ್ಲೆ ಬೆಳೆಯುವಾಗ ಏಳುವ ಧೂಳು.

ನಮ್ಮದೂ ಒಂದು ಕನ್ನಡ ಬಳಗ ಉಂಟು. ನವೆಂಬರಿನಲ್ಲಿ ರಾಜ್ಯೋತ್ಸವ, ಮಳೆಗಾಲದಲ್ಲಿ ಯಕ್ಷಗಾನ, ಎಸ್ಸೆಸ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಶಾಲು. ಬಂದವನನ್ನು ಯಾರೆಂದು ಕೇಳದೆ ಮನೆಯ ಮಗನೆಂದು ಕಾಣಬೇಕು ಎನ್ನುವ ಬಸವಣ್ಣನವರ ವಚನವನ್ನು ಪ್ರತಿ ವರ್ಷ ಯಾರಾದರೂ ಹಾಡುತ್ತಾರೆ. ನಾವು ತಲೆದೂಗುತ್ತೇವೆ. ಆಮೇಲೆ ಬಿಸಿಬೇಳೆಬಾತ್.

2016ರ ಬೇಸಿಗೆ ನೆನಪಿರಬಹುದು. ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಕಳಿಸಿದ ವರ್ಷ. ನಮ್ಮಲ್ಲೂ ವಾರದಲ್ಲಿ ಕೆಲವು ದಿನ ನಲ್ಲಿಯಲ್ಲಿ ನೀರಿಲ್ಲ. ಸೊಸೈಟಿಯಲ್ಲಿ 48 ಮನೆ. ಹತ್ತು ಸಾವಿರ ಲೀಟರಿನ ಟ್ಯಾಂಕರು ತರಿಸುತ್ತಿದ್ದೆವು. ಗೇಟಿನ ಪಕ್ಕದಲ್ಲಿ ಒಂದು ನಲ್ಲಿ ಇತ್ತು. ವಾಚ್‌ಮನ್, ತರಕಾರಿಯವನು, ದಾರಿಹೋಕರು ಕುಡಿಯಲಿ ಎಂದು ಮೊದಲ ಕಮಿಟಿಯವರು ಹಾಕಿಸಿದ್ದು. ಪಕ್ಕದ ಪ್ಲಾಟಿನಲ್ಲಿ ಕೆಲಸ ಶುರುವಾದ ಮೇಲೆ ಶೆಡ್ಡಿನ ಹೆಂಗಸರು ಅಲ್ಲಿಗೆ ಕೊಡ ಹಿಡಿದು ಬರತೊಡಗಿದರು.

ಕಮಿಟಿ ಮೀಟಿಂಗಿನಲ್ಲಿ ಮಾತು ಬಂತು. ‘ಇವತ್ತು ನಾಲ್ಕು ಕೊಡ, ನಾಳೆ ನಲವತ್ತು.’ ‘ದುಡ್ಡು ಕೊಟ್ಟು ತರಿಸಿದ ನೀರು.’ ‘ಅವರಿಗೆ ನೀರು ಕೊಡೋದು ಬಿಲ್ಡರ್ ಕೆಲಸ.’ ಕೊನೆಯ ಮಾತು ಸುಳ್ಳಲ್ಲ. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ಕುಡಿಯುವ ನೀರು, ಪಾಯಖಾನೆ, ಇರಲು ತಾತ್ಕಾಲಿಕ ವಸತಿ ಎಲ್ಲವನ್ನೂ ಕೆಲಸ ಕೊಟ್ಟವನೇ ಒದಗಿಸಬೇಕಿತ್ತು. ಹಾಗಾಗಿ ನಲ್ಲಿಗೆ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕುವುದೆಂದು ಠರಾವಾಯಿತು. ನಾನು ಖಜಾಂಚಿ. ಪೆಟ್ಟಿಗೆಯ ವೋಚರಿಗೂ ಬೀಗದ ವೋಚರಿಗೂ ಸಹಿ ಹಾಕಿದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ‘ಹೊರಗಿನಿಂದ ಬಂದವರು ನಾವು, ನಮಗ್ಯಾಕೆ ಎದುರು ಮಾತು’ ಎಂಬ ಹಳೆಯ ಅಭ್ಯಾಸ ನನ್ನ ಕೈ ಹಿಡಿಯಿತು.

ನಾಲ್ಕೈದು ದಿನ ಕಳೆದಿರಬೇಕು. ಸಂಜೆ ಹಾಲು ತಗೊಂಡು ಬರುತ್ತಿದ್ದೆ. ಗೇಟಿನ ಹತ್ತಿರ ಒಬ್ಬಳು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು. ಮಗು ರಚ್ಚೆ ಹಿಡಿದಿತ್ತು. ‘ಅಳಬ್ಯಾಡ ನನ ಕಂದ, ಕೀಲಿ ತೆಗಿತಾರ, ತಡಿ’ ಎನ್ನುತ್ತಿದ್ದಳು.

ಕಾಲು ನಿಂತಿತು.

‘ಯಾವೂರಮ್ಮಾ ನಿಮ್ದು?’

ಅವಳು ಗಡಬಡಿಸಿ ಸೆರಗು ಸರಿಮಾಡಿಕೊಂಡು ಎದ್ದಳು. ‘ಸುರಪುರ ತಾಲೂಕಿನವ್ರ್ರೀ ಅಣ್ಣಾ. ನೀವು ನಮ್ಮ ಕಡೀಯವ್ರೇನ್ರಿ?’

‘ಅಲ್ಲ, ಕುಂದಾಪುರ.’

‘ಅದ ಎಲ್ಲಿ ಬರ್ತದ್ರೀ?’

ಉಡುಪಿ ಎಂದೆ. ಗೊತ್ತಾಗಲಿಲ್ಲ. ಧರ್ಮಸ್ಥಳದ ಆಚೆ, ಸಮುದ್ರದ ಕಡೆ ಎಂದಾಗ ‘ಹಾಂ, ಮಂಜುನಾಥಸ್ವಾಮಿ’ ಎಂದು ಮುಖ ಅರಳಿಸಿದಳು. ಆಮೇಲೆ ನಲ್ಲಿಯ ಕಡೆ ನೋಡಿ ಕೇಳಿದಳು: ‘ನೀರಿಗೂ ಕೀಲಿ ಹಾಕ್ತಾರೇನ್ರಿ ಅಣ್ಣಾ, ಈ ಕಡಿ?’ ಸಿಟ್ಟಿನ ಮಾತಲ್ಲ. ಹೊಸ ಊರಿನ ಪದ್ಧತಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

ಮನೆಗೆ ಹೋಗಿ ಎರಡು ಬಾಟಲಿ ನೀರು ತಂದುಕೊಟ್ಟೆ. ಬೀಗದ ವೋಚರಿಗೆ ಸಹಿ ಹಾಕಿದವನು ನಾನೇ ಎಂದು ಹೇಳಲಿಲ್ಲ.

ಅಂದು ರಾತ್ರಿ ಲೆಕ್ಕ ಹಾಕಿದೆ. ಶೆಡ್ಡಿನಲ್ಲಿ ಹನ್ನೆರಡು ಸಂಸಾರ. ಮನೆಗೆ ಹದಿನೈದು ಲೀಟರಿನ ಎರಡೆರಡು ಕೊಡ. ಒಟ್ಟು ದಿನಕ್ಕೆ 360 ಲೀಟರು. ಒಂದು ಟ್ಯಾಂಕರಿನ ನೂರರಲ್ಲಿ ನಾಲ್ಕು ಪಾಲೂ ಇಲ್ಲ. 48 ಮನೆಗೆ ಹಂಚಿದರೆ ಮನೆಗೆ ಏಳೂವರೆ ಲೀಟರು, ಪಾಯಖಾನೆಯಲ್ಲಿ ಒಂದು ಸಲ ಫ್ಲಶ್ ಎಳೆದಷ್ಟೂ ಆಗಲಿಕ್ಕಿಲ್ಲ. ಮುಂದಿನ ಮೀಟಿಂಗಿನಲ್ಲಿ ಈ ಕಾಗದ ಹಿಡಿದು ಜೋರಾಗಿಯೇ ಮಾತಾಡಿದೆ. ಇಷ್ಟು ವರ್ಷ ಬಾಯಿಬಿಡದವನು ಮಾತಾಡಿದನಲ್ಲ ಎಂಬ ಆಶ್ಚರ್ಯಕ್ಕೋ ಏನೋ, ಒಪ್ಪಿದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬೀಗ ತೆಗೆಯುವುದೆಂದಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ರಾಜ್ಯೋತ್ಸವದ ಭಾಷಣಕ್ಕೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಮೀಟಿಂಗು ಮುಗಿಸಿ ಮೆಟ್ಟಿಲು ಹತ್ತುವಾಗ ಮೂರನೇ ಮಾಳಿಗೆಯ ಮಾಸ್ತರರು ಜೊತೆಯಾದರು. ಜಾಲ್ನಾ ಕಡೆಯವರು, ರಿಟೈರಾಗಿ ಬಹಳ ಕಾಲವಾದ ಮರಾಠಿ ಶಾಲೆಯ ಮಾಸ್ತರರು. ‘ಒಳ್ಳೇ ಮಾತಾಡಿದ್ರಿ’ ಎಂದರು. ‘ಅವರಲ್ಲಿ ನಮ್ಮ ಕನ್ನಡದವರಿದ್ದಾರೆ ಮಾಸ್ತರ್, ಸುರಪುರದವರು’ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಕಠಡೆ ಹಿಡಿದು ನಿಂತರು. ‘ಹೌದಾ? ಆಚೆ ಕೊನೆಯ ಶೆಡ್ಡಿನವಳು ನಮ್ಮ ಜಾಲ್ನಾದವಳು. ಅವಳು ಮಾತಾಡೋದು ಮೊದಲ ದಿನದಿಂದ ನನಗೆ ಅರ್ಥವಾಗ್ತಿತ್ತು. ಠರಾವಿಗೆ ನಾನೂ ಕೈ ಎತ್ತಿದೆ.’ ಇಷ್ಟು ಹೇಳಿ ಅವರ ಮಾಳಿಗೆ ಬಂತೆಂದು ಒಳಗೆ ಹೋದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಲೆಕ್ಕ ನನ್ನ ಕಸುಬು. ಏಳೂವರೆ ಲೀಟರಿನ ಲೆಕ್ಕವನ್ನು ಮೊದಲ ಮೀಟಿಂಗಿನಲ್ಲೇ ಮಾಡಬಹುದಿತ್ತು, ಐದು ನಿಮಿಷದ ಕೆಲಸ. ಮಾಡಿದ್ದು ಕಿವಿಗೆ ಕನ್ನಡ ಬಿದ್ದ ಮೇಲೆ. ಹಾಗಾದರೆ ಆ ಸಂಜೆ ಅಳುತ್ತಿದ್ದ ಮಗು ತೆಲುಗಿನದೋ ಒಡಿಯಾದ್ದೋ ಆಗಿದ್ದರೆ? ನಾನು ಹಾಲಿನ ಪ್ಯಾಕೆಟ್ಟು ಹಿಡಿದು ನೆಟ್ಟಗೆ ಮನೆಗೆ ಹೋಗುತ್ತಿದ್ದೆ. ಬಾಯಾರಿಕೆ ಅದೇ, ಬೀಗ ಅದೇ. ನನ್ನ ಆತ್ಮಸಾಕ್ಷಿಗೆ ಒಂದೇ ಭಾಷೆ ಬರುತ್ತದೆ ಎಂದಾಯಿತು. ಒಂದೇ ಭಾಷೆ ಬರುವ ಆತ್ಮಸಾಕ್ಷಿಯನ್ನು ಆತ್ಮಸಾಕ್ಷಿ ಎನ್ನಬಹುದೇ, ಅಥವಾ ಅದು ಬರೀ ಊರಿನ ನೆನಪೇ?

ಇದಕ್ಕೆ ಒಂದು ಉತ್ತರವುಂಟು. ಎಲ್ಲರನ್ನೂ ಪ್ರೀತಿಸುತ್ತೇನೆ ಅನ್ನುವವನು ಯಾರಿಗೂ ಒಂದು ಲೋಟ ನೀರು ಕೊಡುವುದಿಲ್ಲ. ಮನುಷ್ಯ ಹತ್ತಿರದವರಿಂದಲೇ ಶುರುಮಾಡಬೇಕು. ಈ ಮಾತನ್ನು ನಾನು ತಳ್ಳಿಹಾಕಲಾರೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹುಟ್ಟಿದ್ದೇ ಹೀಗೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕನ್ನಡದಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು. ನಮ್ಮವರು ಎಂಬ ಅಭಿಮಾನ ಇಲ್ಲದಿದ್ದರೆ ಯಾರು ಅವರಿಗೆ ದೀಪ ಹಚ್ಚಿ ಕೂರುತ್ತಿದ್ದರು? ನನ್ನ ದೊಡ್ಡಪ್ಪನೇ ಹಾಗೆ ಓದಿದವರು. ಅವರು ನೆಲೆ ನಿಂತದ್ದರಿಂದಲೇ ನನಗೆ ಈ ಊರಿಗೆ ಬರುವ ಧೈರ್ಯ ಬಂತು.

ಆದರೆ ನೋಡಿ, ಆ ‘ನಮ್ಮವರು’ ಸುರಪುರದ ಶೆಡ್ಡಿನವರೆಗೆ ತಾನಾಗಿ ಬೆಳೆಯಲಿಲ್ಲ. ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಜನ ಮುಂಬಯಿಗೆ, ಠಾಣೆಗೆ, ಪುಣೆಗೆ ಗಾರೆ ಕೆಲಸಕ್ಕೆ ಬರುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ. ಬೆಳಿಗ್ಗೆ ನಾಕಾದಲ್ಲಿ ಸನಿಕೆ, ಬುಟ್ಟಿ ಹಿಡಿದು ಕೂಲಿಗೆ ನಿಂತವರ ನಡುವೆ ಹಾದು ಹೋಗುವಾಗ ಎಷ್ಟು ಸಲ ಕನ್ನಡ ಕೇಳಿಲ್ಲ? ನಮ್ಮ ಬಳಗದ ಆಮಂತ್ರಣ ಪತ್ರಿಕೆ ಆ ನಾಕಾಕ್ಕೆ ಒಂದು ಸಲವೂ ಹೋಗಿಲ್ಲ. ಅವರ ಕನ್ನಡ ನಮ್ಮ ಕಿವಿಗೆ ಕನ್ನಡವಾಗಿ ಬೀಳಬೇಕಾದರೆ ಒಂದು ಮಗು ಅಳಬೇಕಾಯಿತು. ಅಂದರೆ ನಮ್ಮವರು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಬರೀ ಭಾಷೆಯಲ್ಲ. ಸಂಬಳ, ಜಾತಿ, ಬಿಲ್ಡಿಂಗು ಎಲ್ಲ ಅದರಲ್ಲಿ ಸೇರಿಕೊಂಡಿದ್ದವು. ಮಾಸ್ತರರ ಮಾತಿನ ತಿರುಳೂ ಇದೇ. ಅವರಿಗೆ ಭಾಷೆ ಮೊದಲ ದಿನದಿಂದ ಗೊತ್ತಿತ್ತು, ಊರೂ ತಮ್ಮದೇ. ಆದರೂ ಕೈ ಎತ್ತಿದರು. ಭಾಷೆ ನನ್ನನ್ನು ಎಬ್ಬಿಸಿತು, ಅವರನ್ನು ಎಬ್ಬಿಸಲಿಲ್ಲ. ಅಷ್ಟು ಅನಿಶ್ಚಿತವಾದದ್ದರ ಮೇಲೆ ಒಂದು ಮಗುವಿನ ನೀರು ನಿಲ್ಲಬಾರದು.

ಇನ್ನು ‘ಅದು ಬಿಲ್ಡರ್ ಕೆಲಸ’ ಎಂಬ ಮಾತು. ನಿಜ, ಅವನ ಕೆಲಸವೇ. ಆದರೆ ಕಾಯ್ದೆ ಗೊತ್ತಿದ್ದ ನಾವು ಅವನ ಆಫೀಸಿಗೆ ಒಂದು ಅರ್ಜಿ ಬರೆದೆವೇ? ಇಲ್ಲ. ಇನ್ನೊಬ್ಬನ ಕರ್ತವ್ಯವನ್ನು ನಾವು ನೆನೆಯುವುದು ಹೆಚ್ಚಾಗಿ ನಮ್ಮದನ್ನು ಮರೆಯುವುದಕ್ಕೆ. ಬೀಗ ತೆಗೆದ ಮೇಲೆ ಮಾಸ್ತರರೂ ನಾನೂ ಕೂಡಿ ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಬರೆದೆವು. ಎರಡು ಸಲ ಬರೆದ ಮೇಲೆ ಶೆಡ್ಡಿನ ಹತ್ತಿರ ಒಂದು ಸಿಂಟೆಕ್ಸ್ ಟ್ಯಾಂಕು ಬಂತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಭಾತ್ಸಾ, ತಾನಸಾ, ಮೋಡಕ್ ಸಾಗರ ಎಂಬ ದೊಡ್ಡ ಜಲಾಶಯಗಳಿವೆ. ಮುಂಬಯಿಗೆ ಬೇಕಾದ ನೀರಿನ ದೊಡ್ಡ ಪಾಲು ಅಲ್ಲಿಂದ. ತಾನಸಾದಿಂದಂತೂ 1892ರಿಂದಲೂ ನೀರು ಹೋಗುತ್ತಿದೆ. ಅದೇ ತಾಲೂಕಿನ ಆದಿವಾಸಿ ಪಾಡಾಗಳಿಗೆ ಏಪ್ರಿಲ್, ಮೇ ಬಂದರೆ ಟ್ಯಾಂಕರು ಹೋಗಬೇಕು. ಹೆಂಗಸರು ಬತ್ತಿದ ಬಾವಿಯ ತಳಕ್ಕೆ ಇಳಿದು ಬಟ್ಟಲಿನಲ್ಲಿ ನೀರು ಗೋರುತ್ತಾರೆ. ಇಪ್ಪತ್ತೇಳು ವರ್ಷ ಫೋರ್ಟಿನ ಬ್ಯಾಂಕಿನಲ್ಲಿ ನಾನು ಕುಡಿದದ್ದು ಆ ನೀರನ್ನು. ಆ ಪಾಡಾದ ಹೆಂಗಸು ಯಾವ ಭಾಷೆಯಲ್ಲೂ ನನ್ನ ಗೇಟಿಗೆ ಬಂದು ಕೂರುವುದಿಲ್ಲ. ಕಿವಿಗೆ ಬಿದ್ದರೆ ಮಾತ್ರ ಎಚ್ಚರವಾಗುವ ಮನಸ್ಸಿಗೆ ಅವಳು ಇಲ್ಲವೇ ಇಲ್ಲ.

ಹಾಗಾಗಿ ನನಗೆ ತೋಚಿದ್ದು ಇಷ್ಟು. ಸ್ವಂತ ಭಾಷೆ ಕಿವಿಗೆ ಬಿದ್ದಾಗ ಕಾಲು ನಿಲ್ಲುವುದು ತಪ್ಪಲ್ಲ, ನಿಲ್ಲಲಿ. ಪರ ಊರಿನಲ್ಲಿ ಬದುಕುವವನಿಗೆ ಅದು ಸಿಕ್ಕ ಒಂದು ಸೌಕರ್ಯ. ಆದರೆ ಅಲ್ಲಿ ನಿಂತ ಮೇಲೆ ಪಕ್ಕದ ಶೆಡ್ಡಿನ ಬಾಗಿಲನ್ನೂ ನೋಡಬೇಕು. ನಮ್ಮವಳಿಗೆ ಬೇಕು ಎಂದು ಗೊತ್ತಾದದ್ದು ಅವಳಿಗೂ ಬೇಕು ಎಂದು ಲೆಕ್ಕ ಹಾಕಬೇಕು. ಮತ್ತೆ, ನೀರು ಕುಡಿದ ಊರಿನಲ್ಲಿ ಮೂವತ್ತು ವರ್ಷ ನೆಂಟನಾಗಿ ಇರಲಿಕ್ಕೆ ಆಗುವುದಿಲ್ಲ. ಠರಾವಿಗೆ ಸಹಿ ಹಾಕುವಾಗ ನಾನು ಮನೆಯವನಾಗಿದ್ದೆ. ಎದುರು ಮಾತಾಡಬೇಕಾದಾಗ ಮಾತ್ರ ಹೊರಗಿನವನಾದೆ.

ಆ ಕಟ್ಟಡ ಈಗ ಇಪ್ಪತ್ತೆರಡು ಮಾಳಿಗೆ ಎದ್ದು ನಿಂತಿದೆ. ಶೆಡ್ಡುಗಳು ಹೋದವು. ಹೋಗುವ ಹಿಂದಿನ ದಿನ ಸುರಪುರದವಳು ಗೇಟಿಗೆ ಬಂದು ‘ಬರ್ತೀವ್ರಿ ಅಣ್ಣಾ, ಪನ್ವೇಲಕ್ಕ ಹೊಂಟೀವಿ’ ಎಂದಳು. ಮಗು ಅಷ್ಟರಲ್ಲಿ ನಡೆಯಲು ಕಲಿತಿತ್ತು. ಅವತ್ತಾದರೂ ಬೀಗದ ವಿಷಯ ಹೇಳಿಬಿಡಬೇಕೆಂದು ಬಾಯಿಗೆ ಬಂತು, ಹೇಳಲಾಗಲಿಲ್ಲ. ‘ಹುಷಾರಿ’ ಎಂದೆ.

ಗೇಟಿನ ನಲ್ಲಿ ಇದೆ. ಕಬ್ಬಿಣದ ಪೆಟ್ಟಿಗೆಗೆ ತುಕ್ಕು ಹಿಡಿದಿದೆ, ಬೀಗವಿಲ್ಲ. ಈಗ ಎದುರಿನ ಪ್ಲಾಟಿನಲ್ಲಿ ಹೊಸ ಕೆಲಸ ಶುರುವಾಗಿದೆ, ಹೊಸ ಹೆಂಗಸರು ಕೊಡ ತರುತ್ತಾರೆ. ಅವರ ಮಾತು ನನಗೆ ಒಂದೂ ಅರ್ಥವಾಗುವುದಿಲ್ಲ. ಸಂಜೆ ಹಾಲು ತರುವಾಗ ಒಂದು ಗಳಿಗೆ ನಿಂತು, ನೀರು ಬರುತ್ತಿದೆಯೇ ಎಂದು ನೋಡಿ ಹೋಗುತ್ತೇನೆ.