ಒಂಬತ್ತು ತಿಂಗಳು ತುಂಬದ ಕೂಸು



"ಮಗುವಿಗೆ ಲಸಿಕೆ ಹಾಕಿಸುವುದು, ಬಿಡುವುದು ನಮ್ಮ ಮನೆಯ ವಿಷಯ" ಎಂಬ ಮಾತನ್ನು ಯಾದಗಿರಿ, ಶಹಾಪುರ, ಸುರಪುರದ ಕಡೆ ನೀವೂ ಕೇಳಿರಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮಕ್ಕಳ ಬಗ್ಗೆ ತಂದೆತಾಯಿಗಳಿಗಿರುವ ಹೊಣೆಯನ್ನು ಬೇರೆಯವರು ಕಸಿದುಕೊಳ್ಳುವಂತಿಲ್ಲ. ಆದರೆ ದಡಾರ ಯಾರ ಮನೆಯ ಹೊಸ್ತಿಲನ್ನೂ ಲೆಕ್ಕಿಸದು. ರೋಗಿ ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಅದರ ವೈರಾಣು ಎರಡು ತಾಸಿನವರೆಗೂ ಉಳಿಯಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲದು.

ದಡಾರದ ಲಸಿಕೆಯಲ್ಲಿರುವುದು ಬಲ ಕುಂದಿಸಿದ ಅದೇ ವೈರಾಣು. ದೇಹ ಅದನ್ನು ಎದುರಿಸಿ, ಪ್ರತಿಕಾಯಗಳನ್ನು ತಯಾರಿಸಿ, ವೈರಿಯ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ರೋಗ ಬಂದಾಗ ಹೊಸದಾಗಿ ಕಲಿಯುವ ಕಾಲಹರಣವಿಲ್ಲ.

ಆದರೆ ನಮ್ಮಲ್ಲಿ ಈ ಲಸಿಕೆಯನ್ನು ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕೂ ಮುಂಚೆ ಕೊಟ್ಟರೆ, ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಾಣುವನ್ನೇ ಅಡಗಿಸಿಬಿಡಬಹುದು; ಕೂಸಿನ ದೇಹ ಪಾಠ ಕಲಿಯುವುದಿಲ್ಲ. ಇತ್ತ ತಾಯಿ ಕೊಟ್ಟ ರಕ್ಷಣೆಯೂ ತಿಂಗಳುಗಳು ಕಳೆದಂತೆ ಕರಗುತ್ತದೆ. ಅದು ಕರಗಿ, ಇದು ಸಿಗುವ ಮೊದಲು, ಕೂಸು ಬರಿಗೈಯಲ್ಲಿರುವ ಕೆಲವು ತಿಂಗಳುಗಳಿವೆ. ಆಗ ಅದನ್ನು ಕಾಯುವವರು ಯಾರು? ಓಣಿಯ ಉಳಿದ ಮಕ್ಕಳು. ನೂರರಲ್ಲಿ ಸುಮಾರು 95 ಮಂದಿಗೆ ರೋಗನಿರೋಧಕ ಶಕ್ತಿಯಿದ್ದರೆ ದಡಾರಕ್ಕೆ ಆ ಕೂಸಿನ ತೊಟ್ಟಿಲ ತನಕ ಬರಲು ದಾರಿ ಸಿಗುವುದು ಕಷ್ಟ.

ತಮ್ಮನೆಲ್ಲಿ ಎಂದು ದೇವರು ಕೇಳಿದಾಗ ಕಾಯಿನನು ಕೊಟ್ಟ ಉತ್ತರ ನಮಗೆ ಗೊತ್ತಿದೆ. 2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಯ ಬಗ್ಗೆ ವ್ಯಾಟಿಕನ್ ಹೊರಡಿಸಿದ ಟಿಪ್ಪಣಿಯು, ಲಸಿಕೆ ಸ್ವಇಚ್ಛೆಯದಾಗಿರಬೇಕು ಎಂದಿತು. ಅದರ ಜೊತೆಗೇ ಸರ್ವರ ಹಿತದ ಕರ್ತವ್ಯವನ್ನೂ ನೆನಪಿಸಿತು. ಬಲವಂತವಿಲ್ಲ ಎಂದ ಮಾತ್ರಕ್ಕೆ ಹೊಣೆಯಿಲ್ಲ ಎಂದಾಗದು.

ಇಷ್ಟು ಹೇಳಿ ಬಡ ತಾಯಿಯತ್ತ ಬೆರಳು ತೋರಿಸುವುದು ಸುಲಭ. 2015ರಲ್ಲಿ ಇಂದ್ರಧನುಷ್ ಅಭಿಯಾನದ ಮೊದಲ ಹಂತಕ್ಕೆ, ಲಸಿಕೆ ತಪ್ಪಿದ ಮಕ್ಕಳು ಹೆಚ್ಚಿರುವ ಜಿಲ್ಲೆಗಳೆಂದು ದೇಶದಲ್ಲಿ 201ನ್ನು ಆರಿಸಿದಾಗ ಯಾದಗಿರಿಯೂ ಅದರಲ್ಲಿತ್ತು. "ತಿಳಿವಳಿಕೆ ಇಲ್ಲದ ಜನ" ಎಂದು ಪಟ್ಟಣದವರು ಮೂಗು ಮುರಿಯುತ್ತಾರೆ. ನನಗದು ಒಪ್ಪಿಗೆಯಿಲ್ಲ. ಸರ್ಕಾರಿ ಲಸಿಕೆ ಉಚಿತ, ನಿಜ. ಆದರೆ ಹಾಕಿಸಿ ವಾರವಾದಾಗ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹತ್ತಿ ಬಿಡಿಸಲು ಹೋಗುವ ಹೆಂಗಸಿಗೆ ಅದು ಎರಡು ದಿನದ ಕೂಲಿ. ಅವಳು ಕಳೆದುಕೊಂಡ ಕೂಲಿಯಲ್ಲಿ ಅವಳ ಮಗುವಿನ ಜೊತೆಗೆ ಹೊಲದ ಒಡೆಯರ ಮೊಮ್ಮಗನಿಗೂ ರಕ್ಷಣೆ ಸಿಕ್ಕಿದೆ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಹಾಗಿದ್ದರೆ ಇಲ್ಲಿ ಸಾಲಗಾರರು ಯಾರು?

ಹೊಲ ಉಳ್ಳವರು ಆ ಎರಡು ದಿನದ ಕೂಲಿಯನ್ನು ಹಿಡಿಯದೆ ಕೊಡಬಹುದು. ನೆರೆಮನೆಯ ಅಜ್ಜಿ ಕೂಸನ್ನು ನೋಡಿಕೊಳ್ಳಬಹುದು. ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುವವರ ಗಂಟಿನಲ್ಲಿ ತಾಯಿ ಕಾರ್ಡ್ ಇದೆಯೇ ಎಂದು, ಅವರು ಬಸ್ಸು ಹತ್ತುವ ಮೊದಲು ನಮ್ಮಲ್ಲೊಬ್ಬರು ಕೇಳಬಹುದು. ಎರಡನೇ ಡೋಸು 16ರಿಂದ 24 ತಿಂಗಳೊಳಗೆ ಬೀಳಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಹಾಕುತ್ತಾರೆ.