ಹೊಂದಿಕೆಯೂ ದುರಸ್ತಿಯೂ

ಇರುವುದರೊಡನೆ ಹೊಂದಿಕೊಂಡು ನಡೆಯಬೇಕೆಂದು ಕನ್ನಡದ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳಿಕೊಡುವರು. ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟು ಮಳೆಗಾಲ ಕಳೆದವರೂ, ಮುಂಗೋಪಿಯಾದ ಯಜಮಾನನ ಮನವರಿತು ನಡೆದವರೂ ಈ ಗುಣದ ಬಲದಿಂದಲೇ ಸಂಸಾರವನ್ನು ದಡ ಮುಟ್ಟಿಸಿದರು. ಇದನ್ನು ಹಳಿಯುವುದು ಸಲ್ಲದು. ಆದರೆ ಹೊಂದಿಕೆಯು ಗುಣವಾಗಿರುವುದು ಎಲ್ಲಿಯ ತನಕ, ದೋಷವಾಗುವುದು ಎಲ್ಲಿಂದ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಇದಕ್ಕೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಅರಸುವ ಮೊದಲು ಹೊಲದ ಬದುವಿನ ಮೇಲೆ ನಿಂತ ಹಳೆಯ ಟ್ರಾಕ್ಟರೊಂದರ ಮುಂಗಾಲಿಗಳ ಬಳಿ ಅರಸಿದರೆ ತಪ್ಪಾಗಲಾರದು.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿ ಮಳೆಯನ್ನು ನಂಬಿದ ಸೀಮೆ. 1997ಕ್ಕೆ ಮುಂಚೆ ಇದು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಯ ಹೆಸರು ಬದಲಾದರೂ ಬರದ ಭಯ ಬದಲಾಗಲಿಲ್ಲ. ಬಿತ್ತನೆಯ ಹದ ಬಂದರೆ ಕೆಲವೇ ದಿನ ನಿಲ್ಲುವ ಇಂತಹ ಸೀಮೆಯಲ್ಲಿ ಹಳೆಯ ಟ್ರಾಕ್ಟರನ್ನು ಯಾರೂ ಸುಲಭವಾಗಿ ಕೈಬಿಡರು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯು 1971ರಿಂದ ಚೆಕೊಸ್ಲೊವಾಕಿಯದ ಜೆಟರ್ ಮಾದರಿಯನ್ನನುಸರಿಸಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರುಗಳನ್ನು ತಯಾರಿಸತೊಡಗಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು ತೀರ್ಮಾನಿಸಿತು. ಮಾಡಿದವರು ಕದವಿಕ್ಕಿದ ಮೇಲೂ ಅವರು ಮಾಡಿದ ಯಂತ್ರ ಹೊಲದಲ್ಲಿ ಉಳುತ್ತಿರಬಲ್ಲುದು. ಆಗ ಅದರ ಕ್ಷೇಮವು ಪೂರ್ತಿಯಾಗಿ ಒಡೆಯನ ಹೊಣೆ.

ಎತ್ತಿನ ಬಂಡಿಗೆ ಚುಕ್ಕಾಣಿಯಿಲ್ಲ. ಎತ್ತುಗಳು ತಿರುಗಿದರೆ ಮೂಕಿ ತಿರುಗುವುದು. ಅದರೊಡನೆ ಅಚ್ಚೂ ಗಾಲಿಯೂ ತಿರುಗುವುವು. ಟ್ರಾಕ್ಟರಿನಲ್ಲಾದರೋ ಮುಂದಿನ ಅಚ್ಚು ಎಡಬಲಕ್ಕೆ ತಿರುಗದು. ಅದರ ಎರಡು ತುದಿಗಳಲ್ಲಿ ನಿಲ್ಲಿಸಿದ ಕಿಂಗ್‌ಪಿನ್ನುಗಳ ಮೇಲೆ ಗಾಲಿಗಳು ಮಾತ್ರ ಹೊರಳುವುವು. ಚಾಲಕನ ಕೈಚಕ್ರದಿಂದ ಹೊರಟ ಆಜ್ಞೆಯು ಸ್ಟಿಯರಿಂಗ್ ಪೆಟ್ಟಿಗೆಯ ಹಲ್ಲುಗಳನ್ನು ಹಾದು, ತೋಳಿಗೆ ಬಂದು, ಸರಳುಗಳಿಗಿಳಿದು, ಅವುಗಳ ತುದಿಯ ಗುಂಡುಕೀಲುಗಳನ್ನು ದಾಟಿ ಗಾಲಿಯನ್ನು ಮುಟ್ಟಬೇಕು. ಒಂದೊಂದು ಕೀಲಿನಲ್ಲಿಯೂ ಕೂದಲೆಳೆಯಷ್ಟು ಸವೆತವುಂಟು. ಮಣ್ಣು ಹೊಕ್ಕು ಗ್ರೀಸು ಒಣಗಿದಷ್ಟೂ ಅದು ಬೆಳೆಯುವುದು. ಈ ಸವೆತಗಳ ಮೊತ್ತವೇ ಕೈಚಕ್ರದಲ್ಲಿ ತೋರುವ ‘ಆಟ’. ಚಕ್ರವನ್ನು ಗೇಣುದ್ದ ತಿರುಗಿಸಿದರೂ ಮುಂಗಾಲಿಗೆ ಸುದ್ದಿ ಮುಟ್ಟದಂತಹ ಸ್ಥಿತಿಯು ಒಂದೇ ದಿನದಲ್ಲಿ ಬರುವುದಲ್ಲ. ಎಳೆಯೆಳೆಯಾಗಿ ಬಂದುದರಿಂದಲೇ ಅದು ಒಡೆಯನ ಗಮನಕ್ಕೆ ಬಾರದೆ ಹೋಗುವುದು.

ನೀತಿಯ ತೊಡಕು ಹುಟ್ಟುವುದು ಇಲ್ಲಿಯೇ. ಯಂತ್ರವು ಸವೆದಂತೆಲ್ಲ ಅದನ್ನು ನಡೆಸುವ ಕೈ ಪಳಗುವುದು. ಬಲಕ್ಕೆ ಎಳೆಯುವ ಗಾಡಿಯನ್ನು ಎಡಕ್ಕೆ ಒತ್ತಿ ಹಿಡಿಯುವುದು, ತಿರುವು ಬರುವ ಮೊದಲೇ ಚಕ್ರದ ಸಡಿಲನ್ನು ಎಳೆದುಕೊಳ್ಳುವುದು, ಇವೆಲ್ಲ ಅರಿಯದೆಯೇ ಅಭ್ಯಾಸವಾಗುವುವು. ಜನರು ಇದನ್ನು ಚಾತುರ್ಯವೆಂದು ಮೆಚ್ಚುವರು. ಚಾತುರ್ಯವೇನೋ ಹೌದು, ಆದರೆ ಅದು ದೋಷವನ್ನು ಕಳೆಯದೆ ಅಡಗಿಸತಕ್ಕ ಚಾತುರ್ಯ. ಒಂದು ಸಂಜೆ ತಂದೆಗೆ ಜ್ವರ ಬಂದು ಮಗನು ಆ ಪೀಠವನ್ನೇರಿದನೆಂದು ಭಾವಿಸೋಣ. ಹಿಂದೆ ಮೆಕ್ಕೆಜೋಳದ ಚೀಲಗಳನ್ನು ಹೇರಿದ ಟ್ರೇಲರು. ಕಾಯಿದೆಯು ಒಪ್ಪದಿದ್ದರೂ ಚೀಲಗಳ ಮೇಲೆ ನಾಲ್ವರು ಕೂಲಿಯ ಹೆಂಗಸರು. ಹಿಂದಿನ ಭಾರದಿಂದ ಮುಂಗಾಲಿಗಳು ಹಗುರವಾಗಿ ನೆಲದ ಹಿಡಿತವನ್ನು ಕಳೆದುಕೊಂಡಿವೆ. ತಂದೆಯ ಕೈಯಲ್ಲಿ ಹತ್ತು ವರ್ಷ ನೇರವಾಗಿ ಹೋದ ಗಾಡಿ ಮಗನ ಕೈಯಲ್ಲಿ ಹಳ್ಳದ ಕಡೆಗೆ ಹೊರಳಿದರೆ ತಪ್ಪು ಯಾರದು? ಲೋಕವು ಹುಡುಗನನ್ನು ದೂರುವುದು. ಆದರೆ ಅವನಿಗೆ ದೊರೆತುದು ಸವೆದ ಯಂತ್ರ ಮಾತ್ರ. ಅದರ ಕೊರತೆಯನ್ನು ತುಂಬುತ್ತಿದ್ದ ಅಭ್ಯಾಸವು ತಂದೆಯೊಡನೆ ಹಾಸಿಗೆ ಹಿಡಿದಿತ್ತು.

ದೋಷವು ಕಣ್ಣಿಗೆ ಬಿದ್ದ ಮೇಲೆಯೂ ಸುಲಭೋಪಾಯದ ಆಸೆ ಬಿಡದು. ಆಟವು ತೋರುವುದು ಕೈಚಕ್ರದಲ್ಲಾದುದರಿಂದ ಅದರ ಕೆಳಗಿನ ಪೆಟ್ಟಿಗೆಯ ತಿರುಪನ್ನು ಬಿಗಿಮಾಡಿದರೆ ಸಾಕೆಂದು ಹಲವರ ಎಣಿಕೆ. ಆ ಪೆಟ್ಟಿಗೆಯೊಳಗಿನ ಹಲ್ಲುಗಳು ಹೆಚ್ಚಾಗಿ ಸವೆಯುವುದು ನಡುವಿನಲ್ಲಿ. ಗಾಡಿ ಹೆಚ್ಚು ಹೊತ್ತು ನಡೆಯುವುದು ನೇರವಾಗಿಯಷ್ಟೆ. ನಡುವಿನ ಸಡಿಲಿಗಾಗಿ ಮಿತಿಮೀರಿ ಬಿಗಿದರೆ ಅಂಚಿನ ಸವೆಯದ ಹಲ್ಲುಗಳು ಕಚ್ಚಿಕೊಂಡು ತಿರುವಿನಲ್ಲಿ ಚಕ್ರ ಬಿರುಸಾಗುವುದು. ಕೆಳಗಿನ ಕೀಲುಗಳ ಸಡಿಲು ಮಾತ್ರ ಹಾಗೆಯೇ ಉಳಿಯುವುದು. ಮನೆಯಲ್ಲಿ ಏನೋ ಸರಿಯಿಲ್ಲವೆಂದು ಕಂಡೊಡನೆ ಎದುರಿಗೆ ಸಿಕ್ಕವರ ಮೇಲೆ ಬಿಗಿ ತೋರಿಸುವ ಹಿರಿಯರೂ ಮಾಡುವುದು ಇದನ್ನೇ.

ಸರಿಯಾದ ಕ್ರಮವು ನಿಧಾನವಾದುದು. ಅದಕ್ಕೆ ಇಬ್ಬರು ಬೇಕು. ಎಂಜಿನ್ನನ್ನು ನಿಲ್ಲಿಸಿ ಒಬ್ಬನು ಪೀಠದಲ್ಲಿ ಕುಳಿತು ಚಕ್ರವನ್ನು ಎಡಬಲಕ್ಕೆ ಮೆಲ್ಲನೆ ಅಲ್ಲಾಡಿಸಬೇಕು; ಇನ್ನೊಬ್ಬನು ಒಂದೊಂದು ಕೀಲಿನ ಮೇಲೂ ಕೈಯಿಟ್ಟು ಚಲನೆಯು ಎಲ್ಲಿ ಸೋರಿಹೋಗುವುದೆಂದು ನೋಡಬೇಕು. ಆಮೇಲೆ ಹಿಂಗಾಲಿಗಳಿಗೆ ತಡೆಗಲ್ಲು ಕೊಟ್ಟು, ಮುಂದಿನ ಅಚ್ಚನ್ನೆತ್ತಿ ಗಟ್ಟಿಯಾದ ದಿಮ್ಮಿಯ ಮೇಲೆ ನಿಲ್ಲಿಸಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಗಾಲಿ ಮಾತ್ರ ಅಲುಗಿದರೆ ಬೇರಿಂಗಿನ ದೋಷ. ಗಾಲಿಯ ಜೊತೆಗೆ ಅದರ ಅಚ್ಚುತುದಿಯೂ ಅಲುಗಿದರೆ ಕಿಂಗ್‌ಪಿನ್ನಿನ ಬುಷ್ ಸವೆದಿದೆ. ಸವೆದುದನ್ನು ಬದಲಿಸಿ, ಗ್ರೀಸು ತುಂಬಿ, ಕೀಲಿನ ತಿರುಪುಬಿಲ್ಲೆಗೆ ತಪ್ಪದೆ ಸೂಜಿಕೀಲು ತೊಡಿಸಿ, ಕೊನೆಗೆ ಎರಡು ಮುಂಗಾಲಿಗಳ ನಡುವಣ ಅಂತರವನ್ನು ಅಚ್ಚಿನ ಎತ್ತರದಲ್ಲಿ ಮುಂದೆಯೂ ಹಿಂದೆಯೂ ಅಳೆದು, ಕೈಪಿಡಿಯು ಹೇಳಿದಷ್ಟಕ್ಕೆ ತರಬೇಕು. ಈ ಕೆಲವು ಮಿಲಿಮೀಟರುಗಳ ಲೆಕ್ಕವನ್ನು ಬಿಟ್ಟರೆ ಹೊಸ ಟಯರೂ ಬೇಗನೆ ಹರಿದುಹೋಗುವುದು.

ಮಳೆ ಕಾಯದು, ಕೈಯಲ್ಲಿ ಹಣವಿಲ್ಲ, ಬುಷ್ ತರಲು ದಾವಣಗೆರೆಗೆ ಹೋದ ದಿನವೇ ಹದ ಆರಿದರೆ ವರ್ಷದ ಅನ್ನ ಹೋಯಿತು ಎಂದು ರೈತನು ಹೇಳಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಬಡವನ ಹೊಂದಿಕೆಗೆ ಕಾರಣಗಳುಂಟು. ಆದರೂ ಅದು ಧರ್ಮಕ್ಕೆ ಒಪ್ಪಬೇಕಾದರೆ ಮೂರು ಮಾತುಗಳು ನಿಲ್ಲಬೇಕು. ದೋಷವಿದೆಯೆಂಬುದನ್ನು ಅವನು ತನಗೆ ತಾನೇ ಮರೆಮಾಚದಿರಬೇಕು. ಮಗನಿಗಾಗಲಿ, ಎರವಲು ಕೇಳಿದ ನೆರೆಯವನಿಗಾಗಲಿ, ಕೊಳ್ಳಬಂದವನಿಗಾಗಲಿ ಅದನ್ನು ಬಾಯಿಬಿಟ್ಟು ಹೇಳಬೇಕು. ಅದರ ಅಪಾಯವು ಒಪ್ಪದವರ ತಲೆಯ ಮೇಲೆ ಬೀಳದಿರಬೇಕು. ತನ್ನ ಹೊಲದಲ್ಲಿ ಒಬ್ಬನೇ ಮೆಲ್ಲನೆ ಉಳುವಾಗ ಕ್ಷಮ್ಯವಾದ ಸಡಿಲು ಜನರನ್ನು ಹೊತ್ತು ರಸ್ತೆಗೆ ಇಳಿದಾಗ ಅಪರಾಧವಾಗುವುದು. ಯಂತ್ರವೂ ಸವೆತವೂ ಎರಡು ಕಡೆಯೂ ಒಂದೇ. ಅಪಾಯವನ್ನು ಹೊರುವವರು ಮಾತ್ರ ಬೇರೆ.

ಜೇಡರ ದಾಸಿಮಯ್ಯನು ತನ್ನ ವಚನವೊಂದರಲ್ಲಿ ಒಡಲನ್ನು ಬಂಡಿಗೂ, ಶರಣರ ಮಾತುಗಳನ್ನು ಆ ಬಂಡಿಯ ಕಡೆಗೀಲಿಗೂ ಹೋಲಿಸಿರುವನು. ಗಾಲಿಯು ಕಳಚದಂತೆ ತಡೆಯುವುದು ಇನ್ನೊಬ್ಬರ ಮಾತು ಎಂಬ ಈ ಭಾವವು ದುರಸ್ತಿಯ ಕ್ರಮಕ್ಕೂ ಸಲ್ಲುವುದು. ಪೀಠದಲ್ಲಿ ಕುಳಿತವನಿಗೆ ತನ್ನ ಕೈಯ ಅಭ್ಯಾಸವು ಕಾಣದು. ಕೆಳಗೆ ಕೀಲಿನ ಮೇಲೆ ಕೈಯಿಟ್ಟವನು ‘ಇಲ್ಲಿ ಸಡಿಲಾಗಿದೆ’ ಎನ್ನಬೇಕು. ಹಾಗೆ ಹೇಳಬಲ್ಲವನೊಬ್ಬನನ್ನು ಹತ್ತಿರವಿಟ್ಟುಕೊಂಡು, ಅವನು ಹೇಳಿದಾಗ ಸಿಟ್ಟಾಗದೆ ಕೆಳಗಿಳಿದು ನೋಡುವವನ ಹೊಂದಿಕೆಯು ಗುಣವಾಗಿಯೇ ಉಳಿಯುವುದು.